ಉಳಿಸಿದ ನೀರು

ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಓಣಿಗೆ
ನಲ್ಲಿ ಬರುವುದು ಒಂಬತ್ತು ದಿನಕ್ಕೊಮ್ಮೆ,
ಪ್ಯಾಂಟು ಬರುವುದು ದಿನಾ.

ಗಾದಿಲಿಂಗನ ಟಿವಿಎಸ್ ಮೇಲೆ ಅಡ್ಡ ಮಲಗಿ
ಇನ್ನೂರು ಪ್ಯಾಂಟು, ಒಂದೇ ಗಂಟು.
ಇನ್ನೂ ಬೆಚ್ಚಗಿರುತ್ತವೆ, ಡ್ರೈಯರಿನ ಶಾಖ.
ಚಳಿಗಾಲದಲ್ಲಿ ತಮ್ಮ ಅದರ ಮೇಲೇ ನಿದ್ದೆಹೋಗುತ್ತಿದ್ದ.
ಎಬ್ಬಿಸಿದರೆ ಕೆನ್ನೆ ತುಂಬ ನೀಲಿ.

ಅವ್ವ ದಾರ ಕತ್ತರಿಸುತ್ತಾಳೆ. ಪೀಸಿಗೆ ಎಂಬತ್ತು ಪೈಸೆ.
ಕತ್ತರಿ ಅವಳ ಹೆಬ್ಬೆರಳಲ್ಲಿ ಒಂದು ಕುಳಿ ತೋಡಿದೆ,
ಕಡಲೆಕಾಳು ಇಟ್ಟರೆ ನಿಲ್ಲುವಷ್ಟು.
ರೊಟ್ಟಿಯಲ್ಲಿ ಒಂದೆಳೆ ನೂಲು ಬಂದೇ ಬರುತ್ತದೆ.
ತೆಗೆದು ಪಕ್ಕಕ್ಕಿಟ್ಟು ಉಣ್ಣುತ್ತೇವೆ,
ಮೀನಿನ ಮುಳ್ಳನ್ನು ಇಟ್ಟಂತೆ.

ಈ ಸಲ ಗಂಟಿನ ಜೊತೆ ಒಂದು ರಟ್ಟಿನ ಪೆಟ್ಟಿಗೆ.
ಒಳಗೆ ಇನ್ನೂರು ಚೀಟಿ, ಹಸಿರೆಲೆಯ ಚಿತ್ರ,
ಒರಟು ಕಾಗದ, ಮೂಗಿಗೆ ಹಿಡಿದರೆ ಹುಲ್ಲಿನ ವಾಸನೆ.
"ಸೊಂಟದ ಗುಂಡಿಗೆ ಕಟ್ರಿ. ಹರೀಬಾರದು, ಒದ್ದಿ ಆಗಬಾರದು.
ಹೊರದೇಶದ ಮಾಲು" ಅಂದ ಗಾದಿಲಿಂಗ.
"ಕಟ್ಟಾಕ ಎಷ್ಟು ಕೊಡ್ತೀಯಪ್ಪ?"
"ಅದು ಎಂಬತ್ತು ಪೈಸಾದಾಗ ಬಂತಲ್ಲಬೇ."

ಇಂಗ್ಲಿಷು. ನಾನು ಪಿಯುಸಿ ಫೇಲು,
ಆದರೂ ಕೂಡಿಸಿ ಓದಿದೆ:
ಈ ಪ್ಯಾಂಟು ಎಪ್ಪತ್ತು ಲೀಟರು ನೀರು ಉಳಿಸಿದೆ.
ಭೂಮಿ ನಿಮಗೆ ಋಣಿ.

ಕತ್ತರಿ ನಿಂತಿತು.
"ಉಳಿಸಿದ್ದು ಎಲ್ಲಿಟ್ಟಾರಂತ?"

ನಗು ಬರಬೇಕಿತ್ತು, ಬರಲಿಲ್ಲ.
ಅವಳು ಕೇಳಿದ್ದು ವಿಳಾಸ,
ಕೊಡ ತಗೊಂಡು ಹೋಗಿ ಬರಲಿಕ್ಕೆ.
ಎಪ್ಪತ್ತು, ಇನ್ನೂರು ಸಲ. ಬೆರಳು ಮಡಚಿ ಲೆಕ್ಕ ಹಾಕಿದೆ:
ನಮ್ಮ ಬಾಗಿಲ ಮುಂದಿನ ಡ್ರಮ್ಮಿನಂಥವು ಎಪ್ಪತ್ತು.
ಅಷ್ಟೂ ಆ ರಾತ್ರಿ
ಹತ್ತಡಿ ಕೋಣೆಯಲ್ಲಿ ಮಡಚಿ ಕೂತಿತ್ತು.
ನಾನು ಚೊಂಬು ಬಗ್ಗಿಸಿ ನೋಡಿದೆ, ತಳದಲ್ಲಿ ಒಂದು ಗುಟುಕು.

ಊರ ಹೊರಗೆ, ವಾಷಿಂಗ್ ಯೂನಿಟ್ಟಿನ ಹಿಂದೆ ಒಂದು ಹಳ್ಳ.
ಈ ವರ್ಷ ಯಾವ ಬಣ್ಣದ ಫ್ಯಾಷನ್ನು ಅಂತ
ಎಮ್ಮೆಯ ಕಾಲು ನೋಡಿ ಹೇಳಬಹುದು.
ಮಾಬುನ್ನಿಯ ಗಂಡನ ಕೆಲಸ ಅಲ್ಲಿ,
ಹೊಸ ಪ್ಯಾಂಟಿಗೆ ಕಲ್ಲು ಹಾಕಿ ತಿರುವಿ ಹಳೆಯದು ಮಾಡುವುದು.
ಅದಕ್ಕೆ ಕೂಲಿ ಇದೆ.
ಅವ್ವನ ನವಿಲುಬಣ್ಣದ ಸೀರೆ ಹದಿನಾಲ್ಕು ವರ್ಷ ಉಡಿಸಿಕೊಂಡು
ತಮ್ಮನ ತೊಟ್ಟಿಲಾಗಿ, ಆಮೇಲೆ ಕಿಟಕಿಯಾಗಿ,
ಈಗ ಬಿಸಿ ಪಾತ್ರೆ ಇಳಿಸುತ್ತದೆ.
ಅದು ಎಷ್ಟು ಲೀಟರು ಉಳಿಸಿತು,
ಯಾರು ಅದಕ್ಕೆ ಋಣಿ, ಯಾರೂ ಚೀಟಿ ಕಟ್ಟಲಿಲ್ಲ.

ಚೀಟಿಯ ಬೆನ್ನಿಗೆ ಇನ್ನೊಂದು ಸಾಲು, ಇರುವೆಯಕ್ಷರ:
ಈ ಕಾಗದದಲ್ಲಿ ಬೀಜವಿದೆ. ಮಣ್ಣಿಗೆ ಹಾಕಿ.
ಅವ್ವ ಒಂದನ್ನು ಎತ್ತಿಟ್ಟಳು.
ಬ್ಯಾಡಬೇ, ಎಣಿಸಿರ್ತಾರ, ಅಂದೆ.
"ಎಣಿಸ್ಲಿ."
ಏಷಿಯನ್ ಬಣ್ಣದ ಖಾಲಿ ಡಬ್ಬಿಗೆ ಮಣ್ಣು ತುಂಬಿ, ಹೂತು,
ಅಕ್ಕಿ ತೊಳೆದ ನೀರು ಹನಿಸಿದಳು,
ಕೂಸಿಗೆ ಔಷಧ ಹಾಕುವಂತೆ.

ಎಣಿಸಿದ್ದರು.
ಚೀಟಿ ಇಲ್ಲದ ಪ್ಯಾಂಟು ಹಡಗು ಹತ್ತುವಂತಿಲ್ಲವಂತೆ.
ನಲವತ್ತು ರೂಪಾಯಿ ಮುರಿದುಕೊಂಡ ಗಾದಿಲಿಂಗ,
ಮುಖ ನೋಡದೆ.
ಅವನದನ್ನೂ ಯಾರೋ ಮುರಿದುಕೊಳ್ಳುತ್ತಾರೆ,
ಅವರದನ್ನು ಇನ್ಯಾರೋ.
ಹೀಗೆ ಹತ್ತುತ್ತಾ ಹೋದರೆ ಎಲ್ಲೋ ಒಂದು ಮೆಟ್ಟಿಲಲ್ಲಿ
ಮುರಿಯುವುದು ನಿಂತು ಉಳಿಸುವುದು ಶುರುವಾಗುತ್ತದೆ.
ಆ ಮೆಟ್ಟಿಲು ನಮಗೆ ಕಾಣುವುದಿಲ್ಲ.

ಹನ್ನೊಂದನೇ ದಿನ ಮೊಳಕೆ. ಎರಡೆಲೆ, ಕೂದಲಿನಂಥ ಕಾಂಡ.
ಹುಸೇನವ್ವ ಕೊತ್ತಂಬರಿ ಅಂದಳು.
ಮಾಬುನ್ನಿ ಮೂಸಿ ನೋಡಿ
"ಇದು ನಮ್ಮ ಕಡೇದಲ್ಲ" ಅಂದಳು.

ಆ ರಾತ್ರಿ ಎರಡು ಗಂಟೆಗೆ
ಪೈಪಿನಲ್ಲಿ ಗಾಳಿ ಕೆಮ್ಮಿತು.
ಓಣಿ ತುಂಬ ಕೊಡಗಳ ಸದ್ದು, ಚಪ್ಪಲಿ, ಬೈಗುಳ.
ಅವ್ವ ಓಡುವವಳು ಹೊಸ್ತಿಲಲ್ಲಿ ತಿರುಗಿದಳು,
ಬಗ್ಗಿ ಡಬ್ಬಿಯನ್ನು ಡ್ರಮ್ಮಿನ ಮರೆಗೆ ಸರಿಸಿದಳು.
"ತುಳಿದ್ಯಾ ನೋಡು," ಅಂದಳು ನನಗೆ,
"ನಲವತ್ತು ರೂಪಾಯಿ ಗಿಡ."