ಮದುವಣಗಿತ್ತಿಯ ಬಾಗಿಲು

ಶ್ಟಾಡೆ ಊರಾಚೆಯ ಷೆಡ್ಡಿನಲ್ಲಿ
ವೀಬ್ಕೆ ಹಾರ್ಮ್ಸ್‌ಗೆ ದಿನವೂ ಸುಡುವ ಕೆಲಸ.
ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದಲ್ಲ,
ಇವಳು ಮೊದಲೇ ತೋಡುತ್ತಾಳೆ,
ಹಾರೆಯ ಬದಲು ಬೆಂಕಿಯಿಂದಲೇ.

ಬಾಗಿಲಗಲದ ಕರಿಹಲಗೆ.
ಇಂಗಾಲದ ಎಳೆ, ಎಳೆಗೆ ಅಂಟು, ಅಂಟಿಗೆ ಮತ್ತೆ ಎಳೆ;
ನಾಳೆ ಯಾವುದೋ ವಿಮಾನದ ಪಕ್ಕೆಯಾಗಬೇಕಾದದ್ದು.
ಚೌಕಟ್ಟಿಗೆ ಬಿಗಿದು
ಸೀಮೆಎಣ್ಣೆಯ ಬರ್ನರನ್ನು ಅದರ ಮುಖಕ್ಕೆ ತಿರುಗಿಸುತ್ತಾಳೆ.
ಗಡಿಯಾರ ಶುರು.

ಬಣ್ಣ ಬೊಬ್ಬೆಯೇಳುತ್ತದೆ. ಅಂಟು ಬೆವರಿ, ಹೊತ್ತಿ, ಹೋಗುತ್ತದೆ.
ಎಳೆ ಹೋಗುವುದಿಲ್ಲ.
ಅಲ್ಯೂಮಿನಿಯಮ್ ಆಗಿದ್ದರೆ ಇಷ್ಟರಲ್ಲಿ
ಬೆಣ್ಣೆಯಂತೆ ಇಳಿದು ನೆಲ ಸೇರುತ್ತಿತ್ತು;
ಇದು ಕರಟಿ, ಕರಟಿದ್ದನ್ನೇ ಹೊದ್ದುಕೊಂಡು ನಿಲ್ಲುತ್ತದೆ.
'ಗೆದ್ದಿತು' ಎಂದ, ಹೊಸದಾಗಿ ಸೇರಿದ ಹುಡುಗ ಚಾರ್ಕ್.
'ಉರಿ ಬಾಗಿಲು ಬಡಿದು ಬರುತ್ತದೆ ಮಗೂ,
ಹೊಗೆ ಬಡಿಯುವುದಿಲ್ಲ. ಹಿಂದುಗಡೆ ನೋಡು.'

ಎಲ್ಬೆ ದಂಡೆಯ ಸೇಬಿನ ತೋಟಗಳ ನಡುವೆ
ಅವಳಜ್ಜ ಜೊಂಡಿನ ಸೂರು ಹೊದಿಸುತ್ತಿದ್ದ.
ಒಂದು ಕಿಡಿಗೆ ಇಡೀ ಓಣಿ.
ಅಲ್ಲಿಯ ಹಳೆಮನೆಗಳ ಮುಂಗೋಡೆಯಲ್ಲೊಂದು ಕೆತ್ತನೆಯ ಬಾಗಿಲು,
ಹೊರಗೆ ಹಿಡಿಯಿಲ್ಲ, ಒಳಗಿನಿಂದಷ್ಟೇ ತೆರೆಯುವುದು.
ಮದುವಣಗಿತ್ತಿ ಬರಲು ಒಮ್ಮೆ,
ಹೆಣ ಹೋಗಲು ಒಮ್ಮೆ,
ನಡುವೆ ಬೆಂಕಿ ಬಿದ್ದರೆ
ಅದರ ಹಿಂದೆಯೇ ಇಟ್ಟ ಮದುವೆಯ ಪೆಟ್ಟಿಗೆ ಹೊರಗೆಳೆಯಲು.

ಮುತ್ತಜ್ಜಿ ಗೇಷೆ ಎಳೆದಳಂತೆ.
ಪೆಟ್ಟಿಗೆ ಬಂತು: ಲಿನನ್, ಬೆಳ್ಳಿ ಗುಂಡಿಗಳು, ಒಂದು ಪ್ರಾರ್ಥನೆ ಪುಸ್ತಕ.
ಏನನ್ನೋ ಮರೆತೆನೆಂದು ಮತ್ತೆ ಒಳಹೊಕ್ಕಳು.
ಏನೆಂದು ಯಾರಿಗೂ ತಿಳಿಯಲಿಲ್ಲ.
ಮುಚ್ಚಳದ ಮೂಲೆ ಕರಕಲಾದ ಆ ಪೆಟ್ಟಿಗೆಯಲ್ಲಿ
ವೀಬ್ಕೆ ಈಗ ಚಪ್ಪಲಿ ಇಡುತ್ತಾಳೆ.

ತೊಂಬತ್ತು ಸೆಕೆಂಡು, ಅರ್ಧ ಬಾಗಿಲುಗಳು ಮುಚ್ಚಿದ್ದರೂ
ತುಂಬಿದ ವಿಮಾನ ಬರಿದಾಗಬೇಕು. ಇದು ನಿಯಮ.
ಗಗನಸಖಿ ಕೂಗುತ್ತಾಳೆ: ಬ್ಯಾಗು ಬಿಡಿ, ಬ್ಯಾಗು ಬಿಡಿ!
ಹದಿನೇಳನೇ ಸಾಲಿನಲ್ಲಿ ಯಾರೋ ಒಬ್ಬರು
ಮೇಲಕ್ಕೆ ಕೈಚಾಚಿಯೇ ಚಾಚುತ್ತಾರೆ.
ಆ ಕೈ ಕೆಳಗಿಳಿಯುವಷ್ಟು ಹೊತ್ತು
ಹಲಗೆ ತಡೆಯುತ್ತದೆಯೇ?
ಅದಕ್ಕೆ ಕಾಲಂ ಇಲ್ಲ ಹಾಳೆಯಲ್ಲಿ.
ಗಡುವು ಮುಗಿದ ಮೇಲೂ ಬರ್ನರ್ ಆರಿಸದೆ
ಅವಳು ಸ್ವಲ್ಪ ಹೊತ್ತು ನಿಲ್ಲುತ್ತಾಳೆ;
ಎಣ್ಣೆಯ ಲೆಕ್ಕ ಕೇಳಿದರೆ
'ಕವಾಟ ಬಿಗಿಯಾಗಿತ್ತು' ಎನ್ನುತ್ತಾಳೆ.

ಉರಿ ಆರಿತು. ಚಾರ್ಕ್ ಮುಸುಕು ತೆಗೆಯಹೋದ.
'ಹಾಕು!' ಮುರಿದ ಎಳೆಗಳು ಇನ್ನೂ ಗಾಳಿಯಲ್ಲಿವೆ,
ಕಣ್ಣಿಗೆ ಕಾಣದ ಸೂಜಿಗಳು.
ನೀರು ಚಿಮುಕಿಸಿ, ಒರೆಸಿ, ಚೀಲ ಕಟ್ಟಿ,
ಕೈಗವಸಿನಲ್ಲೇ ಪೆನ್ನು ಹಿಡಿದು ಬರೆದಳು:

ತೂತು: ಇಲ್ಲ.
ಹೊಗೆ: ನಾಳೆ ಇನ್ನೊಂದು ಹಲಗೆ ತರಿಸಿ.