ಅಡಿಟಿಪ್ಪಣಿ ಮೂವತ್ತೊಂದು

ಎರಡನೆಯ ಸೆಮಿಸ್ಟರಿನಲ್ಲಿ ತಿಳಿಯಿತು
ಪಗಾರ ನಮ್ಮ ಮಾತಲ್ಲ.
ಗೋವೆಯಲ್ಲಿ ಹಡಗಿಳಿದು ಘಟ್ಟ ಹತ್ತಿ ಬಂದದ್ದು.
ಸ್ಪ್ಯಾನಿಶ್ಶಿನಲ್ಲೂ ಅದೇ, ಪಗಾರ್: ಕೊಡು, ಸಲ್ಲಿಸು, ತೀರಿಸು.
ಹೈದರಾಬಾದಿನ ತರಗತಿಯಲ್ಲಿ ಹದಿನಾಲ್ಕು ಗಂಟಲು ಒಟ್ಟಿಗೆ
ಪಾಗೋ, ಪಾಗಾಸ್, ಪಾಗಾ ಎನ್ನುವಾಗ
ನನ್ನ ಕಿವಿಯಲ್ಲಿ ಕೌಲ್ ಬಜಾರಿನ ಶನಿವಾರ:
ಮಾಲಕ ಉಗುಳು ಹಚ್ಚಿ ನೋಟೆಣಿಸಿ
ಎರಡನ್ನು ಹಿಂದಕ್ಕೆಳೆದುಕೊಂಡು
'ನಾಲ್ಕು ಪೀಸು ಡ್ಯಾಮೇಜು' ಎನ್ನುವ ಹೊತ್ತು.
ಪಾಗಾ. ಕೊಡುತ್ತಾನೆ.
ಪ್ರಥಮ ಪುರುಷ, ಏಕವಚನ.

ಇಸ್ತ್ರಿ, ಕಮೀಜು, ಸಾಬೂನು
ಎಲ್ಲಕ್ಕೂ ಆ ಕಡೆ ನೆಂಟರಿದ್ದಾರೆ.
ಆದರೆ ನಿಘಂಟಿನ ಮೊದಲ ಪುಟಗಳಲ್ಲಿ ಅನ್ಯಿಲ್ ಸಿಕ್ಕ ರಾತ್ರಿ
ಮೆಸ್ಸಿನ ಗಂಟೆ ಹೊಡೆದರೂ ನಾನು ಏಳಲಿಲ್ಲ.
ಅದು ನೀಲ. ನಮ್ಮದೇ ನೀಲ.
ಅರಬರ ನಾಲಗೆಯಲ್ಲಿ ತಲೆಗೊಂದು 'ಅ' ಕಟ್ಟಿಕೊಂಡು
ಕಡಲು ದಾಟಿ, ಗ್ವಾಟೆಮಾಲದ ಕಲ್ಲುತೊಟ್ಟಿಗಳಲ್ಲಿ
ಸೊಪ್ಪಾಗಿ ಕೊಳೆತು, ಬಿಲ್ಲೆಯಾಗಿ ಒಣಗಿ,
ಸೊಂಟದವರೆಗೆ ನೀರಲ್ಲಿ ನಿಂತವರ ಉಗುರಿನಲ್ಲಿ ಉಳಿದು,
ಈಗ ರಾಸಾಯನಿಕದ ಡ್ರಮ್ಮಿನಲ್ಲಿ ಬಂದು
ಮುಂಡರಗಿಯ ವಾಷಿಂಗ್ ಘಟಕಗಳ ಹಿಂದೆ
ಮೋರಿಯಲ್ಲಿ ಹರಿಯುತ್ತದೆ, ಹೆಸರು ಹೇಳದೆ.

ನನ್ನ ಪ್ರಬಂಧ ತೆವಾಕಾನಿನದು, ಮೆಕ್ಸಿಕೋದ ಒಂದು ಊರು.
ಊಟೆಯ ನೀರಿಗೆ ಹೆಸರಾಗಿತ್ತು,
ಆಮೇಲೆ ಜೀನ್ಸಿಗೆ, ಆಮೇಲೆ
ಮುಸುಕಿನಜೋಳದ ಹೊಲಕ್ಕೆ ನುಗ್ಗಿದ ನೀಲಿ ನೀರಿಗೆ.
ವಿಮಾನಕ್ಕೆ ದುಡ್ಡಿರಲಿಲ್ಲ; ಹನ್ನೊಂದು ಟೇಪು ತರಿಸಿಕೊಂಡೆ.
ರಜೆಗೆ ಬಳ್ಳಾರಿಗೆ ಬಂದು
ಕರೆಂಟು ಹೋದ ಮಧ್ಯಾಹ್ನ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ,
ಲ್ಯಾಪ್‌ಟಾಪಿನಲ್ಲಿ ಉಳಿದಷ್ಟು ಚಾರ್ಜಿನಲ್ಲಿ ಕೇಳುತ್ತ ಬರೆಯುವುದು.
ಪಕ್ಕದಲ್ಲಿ ತುಳಜಾ ಅತ್ತೆ
ಎಪ್ಪತ್ತು ಪ್ಯಾಂಟಿನ ಗುಡ್ಡೆಯ ಮುಂದೆ ದಾರ ಕತ್ತರಿಸುತ್ತ.

'ಏನಂತಾಳ ಆಕಿ?'
ಆಕಿ ಎಂದರೆ ಎಪಿಫಾನಿಯಾ, ಐದನೆಯ ಟೇಪು.
ಜಿಪ್ಪು ಹಚ್ಚುವ ಸಾಲಿನಲ್ಲಿ ಒಂಬತ್ತು ವರ್ಷ.
ದಿನಕ್ಕೆ ಎಂಟುನೂರು ಜಿಪ್ಪು, ಅತ್ತೆ,
ಉಚ್ಚೆಗೆ ಹೋಗಲಿಕ್ಕೂ ಚೀಟಿ ಬೇಕಂತೆ.
ಕತ್ತರಿ ನಿಲ್ಲಲಿಲ್ಲ.
'ಸೂಜಿ ಮುರಿದ್ರ ಯಾರ ಖರ್ಚು?'

ಮುಕ್ತ ವ್ಯಾಪಾರದ ಒಪ್ಪಂದ ಗೊತ್ತು ನನಗೆ, ಕಲಮುಗಳ ಸಮೇತ.
ಪೇಸೋ ಕುಸಿದ ಡಿಸೆಂಬರು ಗೊತ್ತು.
ಅವಲಂಬನೆಯ ಸಿದ್ಧಾಂತ, ಅದರ ಖಂಡನೆ, ಖಂಡನೆಯ ಖಂಡನೆ.
ನೂರಾ ನಲವತ್ತು ಆಕರಗ್ರಂಥ.
ಸೂಜಿ ಎಲ್ಲೂ ಇರಲಿಲ್ಲ.

ಟೇಪನ್ನು ಹಿಂದಕ್ಕೆ ಎಳೆದೆ. ನಲವತ್ತೊಂದನೆಯ ನಿಮಿಷ,
ಯಾವುದೋ ಮಗು ಅಳುತ್ತಿದೆ,
ಸಂದರ್ಶಕನಿಗೆ ಮುಂದಿನ ಪ್ರಶ್ನೆಯ ಅವಸರ,
ಅದರ ಅಡಿಯಲ್ಲಿ ಅವಳು, ಮೆಲ್ಲಗೆ:
ಲಾಸ್ ಆಗೂಹಾಸ್...
ಸೂಜಿ ನಾವೇ ಕೊಳ್ಳುತ್ತಿದ್ದೆವು.
ಮೂರು ಸಲ ಕೇಳಿಯೂ ಬರೆದುಕೊಂಡಿರಲಿಲ್ಲ ನಾನು.

ಅಡಿಟಿಪ್ಪಣಿ ಹಾಕಿದೆ. ಗೈಡು ಕೆಂಪು ಶಾಯಿಯಲ್ಲಿ:
ಈ ಪ್ರಶ್ನೆ ಎಲ್ಲಿಂದ ಬಂತು?
ತುಳಜಾಬಾಯಿ ಪತಂಗೆ,
ಕೌಲ್ ಬಜಾರ್, ಬಳ್ಳಾರಿ. ಮೌಖಿಕ.
ಕಳಿಸಿ ಎರಡು ವಾರವಾಯಿತು, ಉತ್ತರವಿಲ್ಲ.

ಅತ್ತೆಯ ಚಿಂತೆ ಬೇರೆ. ಆಕಿಗೊಂದು ಕಾಗದ ಬರಿ ಅನ್ನುತ್ತಾಳೆ:
'ಕೈಯಾಗಿನ ನೀಲಿಗೆ ಹುಣಸಿಹುಳಿ ಬ್ಯಾಡ, ಉರೀತೈತಿ.
ಕೊಬ್ಬರಿಎಣ್ಣಿ ಹಚ್ಚಿ ಕಡ್ಲಿಹಿಟ್ಟಿನಿಂದ ತಿಕ್ಕು ಅಂತ ಹೇಳು.'
ಟೇಪು ಇಪ್ಪತ್ತು ವರ್ಷ ಹಳೆಯದು, ವಿಳಾಸವಿಲ್ಲ,
ಹೆಸರೂ ನಿಜವಿರಲಿಕ್ಕಿಲ್ಲ
ಎಂದರೆ ಕೇಳುವುದಿಲ್ಲ.
ಬರೆಯಲು ಕೂತೆ. ಮೊದಲ ಸಾಲಿನಲ್ಲೇ ತಡೆ:
ತೂ ಎನ್ನಲೋ, ಉಸ್ತೆದ್ ಎನ್ನಲೋ,
ನೀನೋ, ನೀವೋ.
'ಎಷ್ಟು ವಯಸ್ಸಾಗಿತ್ತು ಆಕಿಗೆ ಆವಾಗ?'
ಇಪ್ಪತ್ತಾರು.
ಅತ್ತೆ ಕತ್ತರಿ ಕೆಳಗಿಟ್ಟು
ಬೆರಳು ಮಡಚಿ ಎಣಿಸತೊಡಗಿದಳು.