ಮೂರನೇ ಸಾರಿ

ನಮ್ಮೂರ ಹೆಸರು ವೂಚ್; ಅಂದರೆ ದೋಣಿ.
ಹೊಳೆಗಳನ್ನೆಲ್ಲ ಗಿರಣಿಗಳ ಕಾಲದಲ್ಲೇ
ನೆಲದಡಿಯ ಕೊಳವೆಗೆ ತುರುಕಿ ಮುಚ್ಚಿಬಿಟ್ಟಿದ್ದಾರೆ.
ನೀರಿಲ್ಲದಲ್ಲಿ ದೋಣಿ ಇಳಿಸುವುದನ್ನು
ಇಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬೂಟು ರಿಪೇರಿ ಅಂಗಡಿಯ ಮೇಲಿನ ಕೋಣೆ,
ಮೆಟ್ಟಿಲಿಗೂ ಹತ್ತಿದ ಅಂಟಿನ ವಾಸನೆ,
ಟ್ರಾಮು ಹಾದಾಗಲೆಲ್ಲ ಗಡಗಡ ಚಹಾ ಲೋಟ.
ಫೆಬ್ರವರಿಯ ಒಂದು ಗುರುವಾರ, ರಾತ್ರಿ ಹತ್ತಕ್ಕೆ
ದೋಬ್ರೊಮಿರ್ ಗುಂಡಿಗೆ ಹಿಡಿದು ಗುಂಡಿ ಒತ್ತಿದ:
ನಮ್ಮ ಹರಾಜುಕಟ್ಟೆ ತೆರೆಯಿತು ಲೋಕಕ್ಕೆ.
ಲೋಕ ಮಲಗಿತ್ತು.

ದೊಡ್ಡವರಿಬ್ಬರಿದ್ದಾರೆ ಈ ವ್ಯಾಪಾರದಲ್ಲಿ.
ಒಬ್ಬರ ಜಾಹೀರಾತು ಟ್ರಾಮಿನ ಹೊಟ್ಟೆಯ ಮೇಲೆ,
ಇನ್ನೊಬ್ಬರದು ಟ್ರಾಮು ನಿಲ್ಲುವ ಕಟ್ಟಡದ ಮೇಲೆ.
ನಮ್ಮದು ಕೆಳಗೆ ಬೂಟಿನವನ ಕಿಟಕಿಯಲ್ಲಿ,
ಕೈಬರಹ, 'ಹಿಮ್ಮಡಿ ಬದಲಿಸಲಾಗುವುದು' ಪಕ್ಕದಲ್ಲಿ.

ಮಾರುವವರು ಕೇಳುತ್ತಾರೆ: ಕೊಳ್ಳುವವರೆಲ್ಲಿ?
ಕೊಳ್ಳುವವರು ಕೇಳುತ್ತಾರೆ: ಸರಕೆಲ್ಲಿ?
ಹುಚ್ಚು ಬಿಡದೆ ಮದುವೆಯಿಲ್ಲ,
ಮದುವೆಯಾಗದೆ ಹುಚ್ಚು ಬಿಡುವುದಿಲ್ಲ.
ಮೊದಲ ದಿನದ ಭೇಟಿ ನಲವತ್ತೊಂದು;
ಮೂವತ್ತೆಂಟು ನನ್ನವೇ.

ಸರಕು ಒಂದೇ ಒಂದು. ಮುಚ್ಚಿಹೋದ ಕೋಟು ಕಾರ್ಖಾನೆಯಲ್ಲಿ
ಮೂವತ್ತು ವರ್ಷ ಕಾಜಾ ಹೊಲಿದ ಹಾಲ್‌ಷ್ಕಾ
ಕೊಟ್ಟ ಡಬ್ಬಿ: ಕೊಂಬಿನ ಗುಂಡಿ, ಇನ್ನೂರ ಆರು.
"ಎಣಿಸಿದ್ದೀನಿ" ಅಂದಿದ್ದಳು, ನಮ್ಮನ್ನೂ ಎಣಿಸುವಂತೆ ನೋಡಿ.
ಆರಂಭದ ಬೆಲೆ ಒಂದು ಜ್ಲೋತಿ. ಏಳು ದಿನ.

ದೊಡ್ಡವರಿಗೆ ಸವಾಲು ಹಾಕಲು ಹೊರಟವರಿಗೆ
ಐದು ದಿನವಾದರೂ ಒಂದು ಸವಾಲೂ ಬರಲಿಲ್ಲ.
ದೋಬ್ರೊಮಿರ್ ಮೆಲ್ಲಗೆ ಅಂದ:
ಇನ್ನೊಂದು ಹೆಸರಲ್ಲಿ ನಾವೇ ಕೂಗೋಣ,
ಸುಮ್ಮನೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ.
ನಾನು ಬೇಡವೆನ್ನಲಿಲ್ಲ. ಹೆಸರೂ ಹೊಳೆದಿತ್ತು.

ಸೆವೆರಿನ್ ಅಜ್ಜ, ನಮ್ಮ ಮೂರನೆಯ ಪಾಲುದಾರ,
ಬಂಡವಾಳವೆಂದು ತಂದದ್ದು ಒಂದು ಮರದ ಸುತ್ತಿಗೆ.
ಮೂಲೆಯ ಕುರ್ಚಿಯಿಂದ ಅಂದ:
"ನಾನು ಕಂಬದಿಂದ ಸವಾಲು ತಗೊಂಡವನು.
'ಹಿಂದೆ ನಿಂತ ಮಹನೀಯರು, ಆರು ನೂರು!'
ಹಿಂದೆ ಯಾರಿದ್ದರು? ಕಂಬ.
ಏಳು ನೂರಕ್ಕೆ ಕಂಬ ಏರಿತು,
ಮುಂದಿನ ಸಾಲಿನ ಹೆಂಗಸು ಕೈ ಇಳಿಸಿದಳು.
ಗಡಿಯಾರ ಗೆದ್ದದ್ದು ಕಂಬ.
ಹನ್ನೊಂದು ವರ್ಷ ನನ್ನ ಮನೆಯಲ್ಲಿ
ಅದಕ್ಕೆ ಕೀಲಿ ಕೊಟ್ಟವನು ನಾನು."
ಯಾರೂ ನಗಲಿಲ್ಲ. ಅವನೊಬ್ಬ ನಕ್ಕು
ಮೂಗು ಒರೆಸಿಕೊಂಡ.

ಅವನ ಹಟವೊಂದೇ ನಮ್ಮಲ್ಲಿ ಹೊಸದು.
ದೊಡ್ಡವರ ಕಟ್ಟೆಯಲ್ಲಿ ಗಂಟೆ ಮುಗಿದರೆ ಮುಗಿಯಿತು,
ಕೊನೆಯ ಕ್ಷಣಕ್ಕೆ ಹೊಂಚಿ ಎರಗಿದವನದೇ ಮಾಲು.
ನಮ್ಮಲ್ಲಿ ಪ್ರತಿ ಸವಾಲಿಗೂ ಎರಡು ನಿಮಿಷ ಉಸಿರು,
ಸೋಲುವವರ ಮುಖ ನೋಡುವಷ್ಟು ಹೊತ್ತು.

ಏಳನೆಯ ರಾತ್ರಿ, ಮುಗಿಯಲು ಒಂದೇ ನಿಮಿಷ:
ಎರಡು ಜ್ಲೋತಿ. ಯಾರೋ.
ನಾನು ದೋಬ್ರೊಮಿರನನ್ನು ನೋಡಿದೆ, ಅವನು ನನ್ನನ್ನು.
ಅವನ ಕೈ ಬ್ರೆಡ್ಡಿನ ಮೇಲೆ, ನನ್ನವು ತೊಡೆಯಡಿ.
ಮೂರು. ಇನ್ನೊಬ್ಬರು ಯಾರೋ. ಗಡಿಯಾರ ಹಿಂದೆ ಸರಿಯಿತು.
ನಾಲ್ಕು.
"ಒಂದನೇ ಸಾರಿ" ಎಂದ ಅಜ್ಜ ಬೆನ್ನು ನೆಟ್ಟಗೆ ಮಾಡಿ.
ಎರಡನೇ ಸಾರಿ ಎನ್ನುವಾಗ ಟ್ರಾಮು ಬಂತು,
ಲೋಟ ನಡುಗಿತು, ಮೂರನೆಯದು ಕೇಳಿಸಲಿಲ್ಲ;
ಸುತ್ತಿಗೆ ಬಿದ್ದ ಸದ್ದು ಮಾತ್ರ ಕೆಳಗಿಳಿದು,
ತಡರಾತ್ರಿ ಮೊಳೆ ಹೊಡೆಯುತ್ತಿದ್ದ ಬೂಟಿನವನು
ತನ್ನ ಸುತ್ತಿಗೆಯಿಂದ ಸೂರಿಗೆ ಕುಟ್ಟಿದ.

ಕೊಂಡವರು ಕಡಲಂಚಿನ ಗ್ದೀನಿಯಾದವರು. ಅಂಚೆಯ ಖರ್ಚು
ಗುಂಡಿಗಳ ಬೆಲೆಗಿಂತ ಮೂರು ಪಟ್ಟು.
ನಮಗೆ ನೂರಕ್ಕೆ ಮೂರು: ಹನ್ನೆರಡು ಗ್ರೋಶಿ.
ಹತ್ತರದೊಂದು, ಎರಡರದೊಂದು ನಾಣ್ಯವನ್ನು
ನನ್ನದೇ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ,
ಎಷ್ಟೆಂದು ಕಣ್ಣಿಗೆ ಕಾಣಲಿ ಅಂತ.
ತೂತಿಲ್ಲದ ಗುಂಡಿಗಳಂತಿದ್ದವು.

ಬೆಳಿಗ್ಗೆ ಹಾಲ್‌ಷ್ಕಾ ಬಂದು ಇನ್ನೊಂದು ಡಬ್ಬಿ ಇಟ್ಟಳು.
"ಇದನ್ನು ಎಣಿಸಿಲ್ಲ" ಅಂದಳು.